ವೃದ್ಧರ ನಡಿಗೆಯೂ ರಾಜಧಾನಿಯ ಬೀದಿಗಳೂ

ಅರವತ್ತು ದಾಟಿದವರು ಯಾವ ಕಾಯಿಲೆಯನ್ನು ಹೇಳಿಕೊಂಡು ವೈದ್ಯರ ಬಳಿಗೆ ಹೋದರೂ ಔಷಧಿಯ ಚೀಟಿಯ ಕೊನೆಯಲ್ಲಿ ಒಂದು ಸಲಹೆ ತಪ್ಪದೆ ಇರುತ್ತದೆ: ಪ್ರತಿನಿತ್ಯ ಅರ್ಧ ಗಂಟೆ ನಡೆಯಿರಿ. ಮಧುಮೇಹಕ್ಕೂ ಅದೇ, ರಕ್ತದ ಒತ್ತಡಕ್ಕೂ ಅದೇ, ನಿದ್ರೆ ಬಾರದಿದ್ದರೂ ಅದೇ, ಮಲಬದ್ಧತೆಗೂ ಅದೇ. ಸಲಹೆಯೇನೋ ಸರಿಯಾದುದೇ. ಅರವತ್ತೈದು ದಾಟಿದವರೂ ವಾರಕ್ಕೆ ಕನಿಷ್ಠ 150 ನಿಮಿಷಗಳ ಕಾಲ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆಯಲ್ಲಿ ತೊಡಗಿರಬೇಕೆಂದೂ, ವಾರದಲ್ಲಿ ಮೂರು ದಿನವಾದರೂ ದೇಹದ ಸಮತೋಲವನ್ನು ಕಾಪಾಡುವ ವ್ಯಾಯಾಮ ಮಾಡಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದೆ. ಆದರೆ ನಡೆಯಬೇಕಾದುದು ಎಲ್ಲಿ ಎಂಬುದನ್ನು ಮಾತ್ರ ಔಷಧಿಯ ಚೀಟಿ ತಿಳಿಸುವುದಿಲ್ಲ. ಚೀಟಿ ಬರೆಯುವ ವೈದ್ಯರಿಗೂ ಬೀದಿ ಕಟ್ಟುವ ಎಂಜಿನಿಯರರಿಗೂ ಪರಸ್ಪರ ಪರಿಚಯವೇ ಇದ್ದಂತೆ ತೋರದು. ಮುಪ್ಪಿನಲ್ಲಿ ಒಬ್ಬರು ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಅದನ್ನು ವಯಸ್ಸಿನ ದೋಷವೆಂದು ಬರೆದುಕೊಳ್ಳುವುದು ವಾಡಿಕೆ. ಅವರನ್ನು ಎಡವಿಸಿದ ಕಲ್ಲನ್ನು ಯಾರೂ ವಿಚಾರಣೆಗೆ ಗುರಿಪಡಿಸುವುದಿಲ್ಲ. ದೆಹಲಿಯ ಮಟ್ಟಿಗಂತೂ ಈ ವಿಚಾರಣೆ ಆಗಲೇಬೇಕಾಗಿದೆ.

2011ರ ಜನಗಣತಿಯ ವೇಳೆಗೆ ಭಾರತದಲ್ಲಿ ಅರವತ್ತು ವರ್ಷ ಮೀರಿದವರ ಸಂಖ್ಯೆ 10 ಕೋಟಿಯನ್ನು ದಾಟಿತ್ತು. ದೆಹಲಿಯೊಂದರಲ್ಲೇ ಅಂಥವರು 11 ಲಕ್ಷಕ್ಕೂ ಮಿಕ್ಕಿ ಇದ್ದರು. ಅಂದಿನಿಂದ ಈ ಸಂಖ್ಯೆ ಬೆಳೆಯುತ್ತಲೇ ಬಂದಿದೆ. ಇವರಲ್ಲಿ ದೆಹಲಿಯ ಕನ್ನಡಿಗರ ಪರಿಸ್ಥಿತಿಯನ್ನು ಪ್ರತ್ಯೇಕವಾಗಿ ಗಮನಿಸುವುದು ಉಚಿತ. ರಾಜಧಾನಿಗೆ ಬಂದ ಕನ್ನಡಿಗರಲ್ಲಿ ಅನೇಕರು ಸರಕಾರಿ ನೌಕರಿಯನ್ನು ಹಿಡಿದು ಬಂದವರು. ರಾಮಕೃಷ್ಣಪುರ, ಸರೋಜಿನಿನಗರ, ನೇತಾಜಿನಗರ, ಲೋದಿ ಕಾಲೊನಿಗಳ ವಸತಿಗೃಹಗಳಲ್ಲಿ ಸಂಸಾರ ಹೂಡಿದವರು. ಆ ಬಡಾವಣೆಗಳಿಗೆ ಇತರ ಕೊರತೆಗಳು ಏನೇ ಇರಲಿ, ಪೇಟೆ, ಶಾಲೆ, ಔಷಧಾಲಯ, ಉದ್ಯಾನ ಎಲ್ಲವೂ ಕಾಲ್ನಡಿಗೆಯ ಅಳತೆಯಲ್ಲಿದ್ದುವು. ನಡುವೆ ಹಾಯುವ ರಸ್ತೆಗಳೂ ಕಿರಿದು. ನಿವೃತ್ತಿಯೊಡನೆ ಆ ಮನೆಗಳನ್ನು ಬಿಟ್ಟುಕೊಡಬೇಕಾಯಿತು. ಕೂಡಿಟ್ಟ ಹಣದಲ್ಲಿ ಪಟಪರ್‌ಗಂಜ್, ಮಯೂರ ವಿಹಾರ, ದ್ವಾರಕಾ, ನೋಯ್ಡಾ ಮುಂತಾದೆಡೆಗಳ ಸಹಕಾರಿ ಗೃಹಸಂಕೀರ್ಣಗಳಲ್ಲಿ ಅವರು ಮನೆ ಮಾಡಿಕೊಂಡರು. ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹೊರಟುಹೋದರು. ಕಾಲು ಗಟ್ಟಿಯಾಗಿದ್ದಾಗ ಕಿರಿದಾದ ರಸ್ತೆಯ ಪಕ್ಕದಲ್ಲಿಯೂ, ಕಾಲು ಸೋತಾಗ ಆರು ಸಾಲು ವಾಹನಗಳು ಓಡುವ ರಾಜಮಾರ್ಗದ ಪಕ್ಕದಲ್ಲಿಯೂ ವಾಸಿಸುವ ಈ ವಿಪರ್ಯಾಸವನ್ನು ಯಾರೂ ಬೇಕೆಂದು ಯೋಜಿಸಿದ್ದಲ್ಲ; ಆದರೆ ಪರಿಣಾಮ ಮಾತ್ರ ಯೋಜಿಸಿದಂತೆಯೇ ಆಗಿದೆ.

ಇಳಿವಯಸ್ಸಿನ ದೇಹಕ್ಕೆ ಬೀದಿ ಹೇಗೆ ಕಾಣುತ್ತದೆ ಎಂಬುದನ್ನು ಮೊದಲು ಅರಿಯಬೇಕು. ಅರವತ್ತರ ಕಣ್ಣಿನೊಳಕ್ಕೆ ಇಪ್ಪತ್ತರ ಕಣ್ಣಿಗೆ ಹೋಲಿಸಿದರೆ ಸುಮಾರು ಮೂರರಲ್ಲೊಂದು ಪಾಲು ಬೆಳಕು ಮಾತ್ರ ತಲುಪುತ್ತದೆ. ಬೂದುಬಣ್ಣದ ಕಾಲುದಾರಿ ಎಲ್ಲಿ ಮುಗಿದು ಬೂದುಬಣ್ಣದ ರಸ್ತೆ ಎಲ್ಲಿ ಆರಂಭವಾಗುತ್ತದೆಂಬುದು ಮುಸ್ಸಂಜೆಯಲ್ಲಿ ಅದಕ್ಕೆ ತಿಳಿಯದು. ಎದುರು ಬರುವ ವಾಹನದ ದೀಪ ಕಣ್ಣು ಕೋರೈಸಿದರೆ ಮತ್ತೆ ದೃಷ್ಟಿ ಸ್ಥಿಮಿತಕ್ಕೆ ಬರಲು ಹೆಚ್ಚು ಹೊತ್ತು ಬೇಕು. ದೀರ್ಘಕಾಲದ ಮಧುಮೇಹದಿಂದ ಅಂಗಾಲಿನ ಸ್ಪರ್ಶಜ್ಞಾನ ಕುಂದಿದವರು ನೆಲದ ಏರುತಗ್ಗುಗಳನ್ನು ಪಾದದಿಂದ ಗುರುತಿಸಲಾರರು. ರಕ್ತದೊತ್ತಡದ ಕೆಲವು ಮಾತ್ರೆಗಳು ಎದ್ದು ನಿಂತೊಡನೆ ತಲೆ ಸುತ್ತುವಂತೆ ಮಾಡುತ್ತವೆ. ಸವೆದ ಮಂಡಿಗೆ ಮೆಟ್ಟಿಲು ಹತ್ತುವುದು ಕಷ್ಟ, ಇಳಿಯುವುದು ಅಪಾಯ. ಇವೆಲ್ಲದರ ಮೇಲೆ ಮೂಳೆ ಟೊಳ್ಳಾಗಿರುವುದರಿಂದ, ಯೌವನದಲ್ಲಿ ಮೈಕೊಡವಿಕೊಂಡು ಎದ್ದುಹೋಗಬಹುದಾಗಿದ್ದ ಪತನವು ಮುಪ್ಪಿನಲ್ಲಿ ತೊಡೆಮೂಳೆಯ ಕತ್ತನ್ನು ಮುರಿಯುತ್ತದೆ. ಶಸ್ತ್ರಚಿಕಿತ್ಸೆ ಸಫಲವಾದರೂ ಮೊದಲಿನ ಸ್ವತಂತ್ರ ನಡಿಗೆ ಹಲವರಿಗೆ ಮರಳುವುದಿಲ್ಲ. ಹಾಸಿಗೆ ಹಿಡಿದವರನ್ನು ಶ್ವಾಸಕೋಶದ ಸೋಂಕು, ಹಾಸಿಗೆ ಹುಣ್ಣು, ಮಾಂಸಖಂಡಗಳ ಕ್ಷಯ ಒಂದರ ಹಿಂದೊಂದಾಗಿ ಕಾಡುತ್ತವೆ. ಮೂಳೆ ಮುರಿಯದಿದ್ದರೂ ಸರಿಯೇ, ಒಮ್ಮೆ ಬಿದ್ದವರ ಮನಸ್ಸಿನಲ್ಲಿ ಉಳಿಯುವ ಭಯ ಅವರನ್ನು ಹೊಸ್ತಿಲೊಳಗೇ ಕಟ್ಟಿಹಾಕುತ್ತದೆ. ನಡೆಯದೆ ಕಾಲು ಇನ್ನಷ್ಟು ಸೋಲುತ್ತದೆ. ಸೋತ ಕಾಲು ಮುಂದಿನ ಪತನಕ್ಕೆ ದಾರಿಮಾಡುತ್ತದೆ.

ಇನ್ನು ರಸ್ತೆ ದಾಟುವ ಪ್ರಶ್ನೆ. ಪಾದಚಾರಿಯು ಕ್ಷಣಕ್ಕೆ 1.2 ಮೀಟರು ಕ್ರಮಿಸುತ್ತಾನೆಂಬುದು ಸಂಕೇತದೀಪಗಳ ಲೆಕ್ಕಾಚಾರದಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಅಂಕಿ. ಇಂಗ್ಲೆಂಡಿನಲ್ಲಿ ಅರವತ್ತೈದು ಮೀರಿದವರ ನಡಿಗೆಯನ್ನು ಅಳೆದು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಗಂಡಸರ ಸರಾಸರಿ ವೇಗ ಕ್ಷಣಕ್ಕೆ 0.9 ಮೀಟರು, ಹೆಂಗಸರದು 0.8 ಮೀಟರು ಎಂದು ಕಂಡುಬಂದಿತು. ಮೇಲುನೋಟಕ್ಕೆ ಇದು ಅತ್ಯಲ್ಪ ವ್ಯತ್ಯಾಸ. ಆದರೆ 24 ಮೀಟರು ಅಗಲದ ರಸ್ತೆಯೊಂದನ್ನು ಕಲ್ಪಿಸಿಕೊಂಡು ಲೆಕ್ಕ ಹಾಕಿದರೆ ಅದರ ಕ್ರೌರ್ಯ ಗೋಚರವಾಗುತ್ತದೆ. ಎಂಜಿನಿಯರರ ಪಾದಚಾರಿ 20 ಕ್ಷಣಗಳಲ್ಲಿ ಆಚೆ ದಡ ಸೇರುತ್ತಾನೆ. ಅದೇ 20 ಕ್ಷಣಗಳಲ್ಲಿ ಆ ವೃದ್ಧೆ ಸಾಗಿರುವುದು 16 ಮೀಟರು. ದೀಪ ಬದಲಾಗುವಾಗ ಆಕೆ ಇನ್ನೂ 8 ಮೀಟರು ಈಚೆಗೆ, ಹೊರಡಲು ಸನ್ನದ್ಧವಾಗಿ ಗುರುಗುಟ್ಟುತ್ತಿರುವ ವಾಹನಗಳ ಮುಂದೆ ನಿಂತಿರುತ್ತಾಳೆ. ಕೈಯಲ್ಲಿ ತರಕಾರಿಯ ಚೀಲವಿದ್ದರೆ, ಕೋಲು ಊರಿ ನಡೆಯುವವಳಾಗಿದ್ದರೆ, ಜೊತೆಯಲ್ಲಿರುವ ಪತಿಗೆ ಕಂಪವಾತವಿದ್ದರೆ ಈ ಲೆಕ್ಕವೂ ಉದಾರವಾದುದೇ. ದೆಹಲಿಯ ಎಷ್ಟೋ ಚೌಕಗಳಲ್ಲಿ ಪಾದಚಾರಿಗೆಂದೇ ಮೀಸಲಾದ ಹಸಿರು ದೀಪವೂ ಇಲ್ಲ, ಇರುವೆಡೆ ಎಡಕ್ಕೆ ತಿರುಗುವ ವಾಹನಗಳಿಗೆ ತಡೆಯೇ ಇಲ್ಲ. ರಾಜಧಾನಿಯ ರಸ್ತೆಗಳಲ್ಲಿ ಅಪಘಾತದಿಂದ ಮಡಿಯುವ ಹತ್ತು ಜನರಲ್ಲಿ ಸುಮಾರು ನಾಲ್ವರು ಪಾದಚಾರಿಗಳಾಗಿರುವುದು ಆಕಸ್ಮಿಕವಲ್ಲ.

ಪರಿಹಾರ ಕಷ್ಟವೂ ಅಲ್ಲ, ದುಬಾರಿಯೂ ಅಲ್ಲ. ಹಸಿರು ದೀಪದ ಅವಧಿಯನ್ನು ಕ್ಷಣಕ್ಕೆ 0.8 ಮೀಟರಿನ ಲೆಕ್ಕದಲ್ಲಿ ನಿಗದಿಮಾಡುವುದು. ರಸ್ತೆಯ ನಡುವೆ, ಅರ್ಧ ದಾಟಿದವರು ನಿರ್ಭಯವಾಗಿ ನಿಂತು ಉಸಿರುಬಿಡುವಷ್ಟು ಅಗಲದ ತಾಣವೊಂದನ್ನು ಕಲ್ಪಿಸುವುದು. ದಾಟುವ ಸ್ಥಳವನ್ನು ಕಾಲುದಾರಿಯ ಮಟ್ಟಕ್ಕೇ ಎತ್ತರಿಸಿ, ಮನುಷ್ಯರು ಇಳಿಯುವ ಬದಲು ವಾಹನಗಳೇ ಹತ್ತಿ ಇಳಿಯುವಂತೆ ಮಾಡುವುದು. ಸಿಂಗಪುರವು 2009ರಲ್ಲಿ ಇನ್ನೊಂದು ಉಪಾಯ ಹೂಡಿತು. ಅಲ್ಲಿನ ವೃದ್ಧರು ತಮ್ಮ ರಿಯಾಯಿತಿ ಕಾರ್ಡನ್ನು ದೀಪಸ್ತಂಭಕ್ಕೆ ತಾಗಿಸಿದರೆ ಹಸಿರು ದೀಪವು ರಸ್ತೆಯ ಅಗಲಕ್ಕನುಗುಣವಾಗಿ 3ರಿಂದ 13 ಕ್ಷಣಗಳವರೆಗೆ ಹೆಚ್ಚುವರಿಯಾಗಿ ಉರಿಯುತ್ತದೆ. ದೆಹಲಿಯ ಮಟ್ಟಿಗೆ ಇಂತಹ ಕಾರ್ಡಿಗಿಂತ ಎಲ್ಲರಿಗೂ ದೀರ್ಘವಾದ ಹಸಿರು ದೀಪವೇ ಮೇಲು. ಗರ್ಭಿಣಿಗೂ, ಮಗುವನ್ನೆತ್ತಿಕೊಂಡವಳಿಗೂ, ತಲೆಹೊರೆಯ ಕೂಲಿಗೂ ಕಾರ್ಡು ಕೊಡುವವರು ಯಾರು?

ಆದರೆ ಅಧಿಕಾರಿಗಳಿಗೆ ಪ್ರಿಯವಾದ ಪರಿಹಾರ ಬೇರೆಯೇ ಇದೆ; ಅದು ಕಾಲುಸೇತುವೆ. ಕಬ್ಬಿಣದ ಆ ಎತ್ತರದ ರಚನೆಗಳನ್ನು ನಿರ್ಮಿಸಿ, ಕೆಳಗೆ ರಸ್ತೆಯ ನಡುವೆ ಬೇಲಿ ಹಾಕಿ, ಪಾದಚಾರಿಗಳ ಹಿತವನ್ನು ಸಾಧಿಸಿದ ತೃಪ್ತಿಯನ್ನು ಅವರು ಪಡೆಯುತ್ತಾರೆ. ನಿಜದಲ್ಲಿ ಕಾಲುಸೇತುವೆಯಿಂದ ಲಾಭವಾಗುವುದು ಅದರ ಮೇಲೆ ಹೋಗುವವರಿಗಲ್ಲ, ಕೆಳಗೆ ನಿಲ್ಲದೆ ಓಡುವವರಿಗೆ. ಲಿಫ್ಟು ಕೆಟ್ಟುನಿಂತ ದಿನ ಅದು ವೃದ್ಧರಿಗೆ ಗೋಡೆಗೆ ಸಮಾನ. ಸುರಂಗದಾರಿಯ ಕಥೆಯೂ ಇದೇ. ಅಲ್ಲಿ ಕತ್ತಲೆಯೊಂದು ಹೆಚ್ಚು. ರಾವ್ ತುಲಾರಾಮ್ ಮಾರ್ಗದಲ್ಲಿ ಇದ್ದ ಮೇಲ್ಸೇತುವೆ ಸಾಲದೆಂದು 2019ರ ಜುಲೈ ತಿಂಗಳಿನಲ್ಲಿ ಅದರ ಪಕ್ಕಕ್ಕೇ ಮತ್ತೊಂದನ್ನು ತೆರೆಯಲಾಯಿತು. ಮೋಟಾರು ಪ್ರಯಾಣಿಕರ ನಿಮಿಷಗಳನ್ನು ಉಳಿಸಲು ಸರಕಾರ ಪಟ್ಟ ಆ ಶ್ರಮ ಸ್ತುತ್ಯವೇ ಸರಿ. ಪಾದಚಾರಿಗೆ ಬೇಕಾಗಿರುವುದು ನಿಮಿಷಗಳೂ ಅಲ್ಲ, ಹತ್ತೇ ಹತ್ತು ಕ್ಷಣಗಳು.

ಕಾಲುದಾರಿಯ ವಿಷಯಕ್ಕೆ ಬಂದರೆ, ನಿಯಮಗಳ ಕೊರತೆ ಇದೆಯೆಂದು ಯಾರೂ ದೂರುವಂತಿಲ್ಲ. ದೆಹಲಿ ಅಭಿವೃದ್ಧಿ ಪ್ರಾಧಿಕಾರದ ಸಂಚಾರ ಯೋಜನಾ ಕೇಂದ್ರವು 2010ರಲ್ಲಿ ಹೊರಡಿಸಿದ ಬೀದಿ ವಿನ್ಯಾಸದ ಸೂಚನೆಗಳಲ್ಲಿಯೂ, ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯು 2012ರಲ್ಲಿ ಪರಿಷ್ಕರಿಸಿದ ನಿಯಮಗಳಲ್ಲಿಯೂ ಅಡೆತಡೆಯಿಲ್ಲದ ನಡಿಗೆಗೆ ಕನಿಷ್ಠ 1.8 ಮೀಟರು ಅಗಲ ಬಿಡಬೇಕೆಂದೂ, ಅಂಚುಗಲ್ಲಿನ ಎತ್ತರ 15 ಸೆಂಟಿಮೀಟರು ಮೀರಬಾರದೆಂದೂ ಸ್ಪಷ್ಟವಾಗಿ ಹೇಳಲಾಗಿದೆ. ಹದಿನೈದು ಸೆಂಟಿಮೀಟರು ಎಂದರೆ ಮನೆಯ ಮೆಟ್ಟಿಲೊಂದರ ಎತ್ತರ. ದೆಹಲಿಯ ಅನೇಕ ಕಾಲುದಾರಿಗಳು ಇದರ ಇಮ್ಮಡಿಯಷ್ಟು ಎತ್ತರವಾಗಿವೆ. ಕಾರು, ಸ್ಕೂಟರುಗಳು ಹತ್ತದಿರಲೆಂದು ಎತ್ತರಿಸಿದುದಾಗಿ ಸಮರ್ಥನೆ ಬರುವುದುಂಟು. ಫಲಿತಾಂಶ ಎದುರಿಗೇ ಇದೆ. ಮನೆಮನೆಯ ಗೇಟಿನ ಮುಂದೆ ಕಟ್ಟಿಕೊಂಡ ಇಳಿಜಾರಿನಿಂದ ಕಾರುಗಳು ಸುಲಭವಾಗಿ ಮೇಲೇರಿ ನಿಂತಿವೆ. ಏರಲಾರದೆ ಕೆಳಗೆ, ಓಡುವ ವಾಹನಗಳ ಪಕ್ಕದಲ್ಲಿ ನಡೆಯುತ್ತಿರುವವರು ವೃದ್ಧರು. ಗೇಟು ಬಂದಲ್ಲೆಲ್ಲ ಇಳಿದು ಹತ್ತಬೇಕಾದ ಕಾಲುದಾರಿಗಿಂತ ಸಮತಟ್ಟಾದ ರಸ್ತೆಯೇ ವಾಸಿಯೆಂದು ಮಂಡಿನೋವಿನವರು ತೀರ್ಮಾನಿಸಿದರೆ ಅವರನ್ನು ಅಶಿಸ್ತಿನ ಪಾದಚಾರಿಗಳೆಂದು ಜರೆಯುವುದು ನ್ಯಾಯವಲ್ಲ. ಕುರುಡರ ಕೋಲಿಗೆ ದಾರಿ ತೋರುವ ಉಬ್ಬುಗೆರೆಯ ಹಳದಿ ಬಿಲ್ಲೆಗಳು 1967ರಲ್ಲಿ ಜಪಾನಿನ ಒಕಾಯಾಮಾ ನಗರದಲ್ಲಿ ಮೊದಲು ನೆಲ ಕಂಡವು. ದೆಹಲಿಯಲ್ಲಿಯೂ ಅವು ಧಾರಾಳವಾಗಿವೆ. ಕೆಲವೆಡೆ ನೇರವಾಗಿ ವಿದ್ಯುತ್ ಕಂಬದ ಬುಡಕ್ಕೆ ಕರೆದೊಯ್ಯುತ್ತವೆ.

ಬಸ್ಸು ಏರುವಲ್ಲಿಯೂ ಇದೇ ಅಂಗುಲಗಳ ವ್ಯವಹಾರ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಆಸುಪಾಸಿನಲ್ಲಿ ದೆಹಲಿಗೆ ತಗ್ಗು ನೆಲದ ಬಸ್ಸುಗಳು ದೊಡ್ಡ ಸಂಖ್ಯೆಯಲ್ಲಿ ಬಂದುವು. ಅವುಗಳ ನೆಲ ರಸ್ತೆಯಿಂದ ಸುಮಾರು 40 ಸೆಂಟಿಮೀಟರು ಮಾತ್ರ ಮೇಲಿರುತ್ತದೆ. ಚಾಲಕನು ನಿಲ್ದಾಣದ ಕಟ್ಟೆಗೆ ಒತ್ತಿ ನಿಲ್ಲಿಸಿದರೆ ಒಂದು ಸಣ್ಣ ಹೆಜ್ಜೆ ಸಾಕು. ರಸ್ತೆಯ ನಡುವೆ ನಿಲ್ಲಿಸಿದರೆ ವೃದ್ಧರು ಕಟ್ಟೆಯಿಂದಿಳಿದು, ಓಡಿ, ಮತ್ತೆ ಮೊಣಕಾಲೆತ್ತರ ಹತ್ತಬೇಕು. ಕೋಟಿಗಟ್ಟಲೆ ವೆಚ್ಚದ ಬಸ್ಸಿನ ಪ್ರಯೋಜನ ಒಂದು ಗಜದ ಅಂತರದಲ್ಲಿ ಸೋರಿಹೋಗುತ್ತದೆ.

ಕುಳಿತುಕೊಳ್ಳುವ ಕಲ್ಲುಹಾಸನ್ನು ಅಲಂಕಾರವೆಂದು ತಿಳಿಯುವುದು ತಪ್ಪು. ಹೃದ್ರೋಗಿಗೂ ಸಂಧಿವಾತದ ರೋಗಿಗೂ ಅದು ನಡಿಗೆಯ ಅವಿಭಾಜ್ಯ ಅಂಗ. ನೂರಿನ್ನೂರು ಹೆಜ್ಜೆಗೊಮ್ಮೆ ಕೂತು ಎದ್ದು ಸಾಗುವವರಿಗೆ ಆಸನವಿದ್ದರೆ ಒಂದು ಮೈಲಿ ದೂರದ ಉದ್ಯಾನವೂ ಹತ್ತಿರ. ಇಲ್ಲದಿದ್ದರೆ ಮೂಲೆಯ ಅಂಗಡಿಯೂ ದೂರ. ಆಸನವು ಮಂಡಿಯ ಮಟ್ಟಕ್ಕಿರಬೇಕು, ಬೆನ್ನಿಗೆ ಒರಗು ಇರಬೇಕು, ಎಲ್ಲಕ್ಕಿಂತ ಮಿಗಿಲಾಗಿ ಏಳುವಾಗ ಊರಿಕೊಳ್ಳಲು ಕೈಗಳಿರಬೇಕು. ಕೈಯಿಲ್ಲದ ನುಣುಪು ಕಲ್ಲಿನ ಮೇಲೆ ಕೂತವರು ಏಳಲು ಅಪರಿಚಿತರ ಸಹಾಯ ಯಾಚಿಸಬೇಕಾಗುತ್ತದೆ.

ಶೌಚಾಲಯದ ವಿಷಯವನ್ನು ಸಭ್ಯರ ಲೇಖನಗಳಲ್ಲಿ ಎತ್ತುವುದು ಕಡಿಮೆ. ಆದರೆ ಪ್ರಾಸ್ಟೇಟ್ ಗ್ರಂಥಿ ಊದಿದ ಗಂಡಸರೂ, ಮೂತ್ರಕೋಶದ ಹಿಡಿತ ಸಡಿಲವಾದ ಹೆಂಗಸರೂ, ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆ ನುಂಗುವವರೂ ಮನೆಯಿಂದ ಹೊರಡುವ ಮುನ್ನ ಮೊದಲು ಯೋಚಿಸುವುದು ಅದನ್ನೇ. ದಾರಿಯಲ್ಲಿ ಅನುಕೂಲವಿಲ್ಲವೆಂದು ತಿಳಿದವರು ಹೊರಡುವ ಎರಡು ಗಂಟೆ ಮೊದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ. ಮುಪ್ಪಿನಲ್ಲಿ ಬಾಯಾರಿಕೆಯ ಅರಿವೂ, ಬೆವರಿ ದೇಹವನ್ನು ತಂಪಾಗಿಡುವ ಶಕ್ತಿಯೂ ಸ್ವತಃ ಕುಂದಿರುತ್ತವೆ. ಮೇ ತಿಂಗಳ ದೆಹಲಿಯಲ್ಲಿ, ಬಿಸಿಗಾಳಿ ಬೀಸುವಾಗ, ಇದು ಪ್ರಾಣಾಪಾಯಕರ ಉಪವಾಸ. ಆಸ್ಪತ್ರೆಯಲ್ಲಿ ಅದಕ್ಕೆ ನಿರ್ಜಲೀಕರಣವೆಂದೋ ಉಷ್ಣಾಘಾತವೆಂದೋ ಹೆಸರು ಬೀಳುತ್ತದೆ. ಬೀಗ ಹಾಕಿದ ಶೌಚಾಲಯದ ಹೆಸರು ದಾಖಲೆಯಲ್ಲಿ ಬರುವುದಿಲ್ಲ.

ನೆರಳಿನ ವಿಚಾರದಲ್ಲಿ ಹಳೆಯ ನವದೆಹಲಿ ಪುಣ್ಯವಂತ ಪ್ರದೇಶ. ಬ್ರಿಟಿಷರ ಕಾಲದಲ್ಲಿ ಸಾಲಾಗಿ ನೆಟ್ಟ ಬೇವು, ನೇರಳೆ, ಅರ್ಜುನ ಮರಗಳು ಇಂದಿಗೂ ವಿಶಾಲವಾದ ಕಾಲುದಾರಿಗಳಿಗೆ ಚಪ್ಪರ ಹಾಕಿವೆ. ವಿಚಿತ್ರವೆಂದರೆ ರಾಜಧಾನಿಯ ಅತ್ಯುತ್ತಮ ಕಾಲುದಾರಿಗಳು ಇರುವುದು ಅತಿ ಕಡಿಮೆ ಜನ ನಡೆಯುವ ಬಂಗಲೆಗಳ ಬೀದಿಗಳಲ್ಲಿ. ಅಲ್ಲಿಯೂ ಮಳೆಗಾಲದ ಆರಂಭದಲ್ಲಿ ನೇರಳೆಹಣ್ಣು ಉದುರಿ ಕಲ್ಲುಗಳು ನೇರಳೆಬಣ್ಣದ ಜಾರುಬಂಡೆಗಳಾಗುವುದನ್ನು ದೆಹಲಿಯ ಹಳಬರೆಲ್ಲ ಬಲ್ಲರು. ಮರ ಬೇಡವೆಂದಲ್ಲ, ಗುಡಿಸುವವರು ಬೇಕು. ಕಾಲುದಾರಿಯಲ್ಲಿ ಕೂರುವ ಬೀದಿ ವ್ಯಾಪಾರಿಗಳ ವಿಷಯದಲ್ಲಿಯೂ ಇಂತಹುದೇ ವಿವೇಚನೆ ಅಗತ್ಯ. ಅವರನ್ನು ಒಕ್ಕಲೆಬ್ಬಿಸಿದರೆ ಎಲ್ಲ ಸರಿಹೋಗುವುದೆಂಬ ಭಾವನೆ ಪ್ರಬಲವಾಗಿದೆ. ಆದರೆ ದೊಡ್ಡ ಮಳಿಗೆಗಳವರೆಗೆ ಹೋಗಲಾರದ ಮುದುಕರಿಗೆ ಸೊಪ್ಪಿನ ಗಾಡಿ, ಚಪ್ಪಲಿ ಹೊಲಿಯುವವನು, ಸೀಬೆಹಣ್ಣಿನ ಬುಟ್ಟಿಯವಳು ಬೀದಿಯ ಆಧಾರಗಳು. ತಲೆ ಸುತ್ತಿದಾಗ ಸ್ಟೂಲು ಎಳೆದು ಕೂರಿಸುವವರೂ ಅವರೇ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯು ಅವರಿಗೆ ಸ್ಥಳ ಗುರುತಿಸಿಕೊಡಬೇಕೆಂದು ವಿಧಿಸಿದೆ. ನಡೆಯುವ 1.8 ಮೀಟರನ್ನು ಬಿಟ್ಟು ಆಚೆಗೆ ಗೆರೆ ಎಳೆದುಕೊಟ್ಟರೆ ಇಬ್ಬರಿಗೂ ಅನುಕೂಲ.

ಇದೆಲ್ಲ ಯೂರೋಪಿನ ಶ್ರೀಮಂತ ನಗರಗಳಿಗೆ ಸರಿ, ದೆಹಲಿಯಂತಹ ಊರಿನಲ್ಲಿ ಸಾಧ್ಯವೇ ಎಂದು ಕೇಳುವವರು ಒಮ್ಮೆ ಮೆಟ್ರೋ ನಿಲ್ದಾಣದೊಳಕ್ಕೆ ಇಳಿದು ನೋಡಬೇಕು. 2002ರ ಡಿಸೆಂಬರಿನಲ್ಲಿ ಮೊದಲ ರೈಲು ಓಡಿದಂದಿನಿಂದ ಅಲ್ಲಿ ಲಿಫ್ಟು, ಇಳಿಜಾರು, ಕೈಪಿಡಿ, ಸ್ಪಷ್ಟವಾದ ಫಲಕ, ಪ್ಲಾಟ್‌ಫಾರ್ಮಿಗೆ ಸಮನಾದ ಬೋಗಿಯ ನೆಲ ಎಲ್ಲವೂ ಇವೆ. ಅದೇ ನಗರ, ಅದೇ ಜನ, ಅದೇ ತೆರಿಗೆಯ ಹಣ. ರಾಮಕೃಷ್ಣಪುರಕ್ಕೂ 2018ರಲ್ಲಿ ಮೆಟ್ರೋ ಬಂತು. ಅದೇ ವರ್ಷ ತೆರೆದ ನೆರೆಯ ಮೋತಿಬಾಗ್ ನಿಲ್ದಾಣಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿರುವುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ನೂರು ವರ್ಷ ದಾಟಿ ಬಾಳಿದ ಆ ಮಹಾನುಭಾವ ಎಂಜಿನಿಯರರು ಇಂದು ಬಂದು ನಿಲ್ದಾಣದ ಲಿಫ್ಟಿನಿಂದ ಹೊರಬಿದ್ದರೆ, ವರ್ತುಲ ರಸ್ತೆಯ ಬದಿಯಲ್ಲಿ ನಿಂತು ಗಡಿಯಾರ ಹಿಡಿದು ಸಂಕೇತದೀಪದ ಕ್ಷಣಗಳನ್ನು ಎಣಿಸದೆ ಇರುತ್ತಿರಲಿಲ್ಲ. ನಿಲ್ದಾಣದ ಕಟ್ಟಡದೊಳಗೆ ಒಂದು ಸಂಸ್ಥೆಯ ಆಡಳಿತ. ಹೊರಗಾದರೋ ರಸ್ತೆ ಲೋಕೋಪಯೋಗಿ ಇಲಾಖೆಯದು, ಒಳರಸ್ತೆ ನಗರಪಾಲಿಕೆಯದು, ಕೆಲವೆಡೆ ನವದೆಹಲಿ ಪುರಸಭೆಯದು ಅಥವಾ ದಂಡು ಪ್ರದೇಶದ ಮಂಡಲಿಯದು, ಖಾಲಿ ಜಾಗ ಅಭಿವೃದ್ಧಿ ಪ್ರಾಧಿಕಾರದ್ದು, ಸಂಚಾರದ ನಿಯಂತ್ರಣ ಪೋಲೀಸರದು. ಒಡೆದ ಒಂದು ಕಲ್ಲು ಯಾರದೆಂದು ನಿರ್ಧಾರವಾಗುವುದರೊಳಗೆ ಇಬ್ಬರು ಬಿದ್ದಿರುತ್ತಾರೆ.

ಬೀದಿಯನ್ನು ಮನುಷ್ಯರಿಗೆ ಹಿಂದಿರುಗಿಸಿದ ನಿದರ್ಶನಗಳೂ ಇಲ್ಲಿಯೇ ಇವೆ. ಕನ್ನಡಿಗರಿಗೆ ಹಳೆಯ ಪರಿಚಯದ ಕರೋಲ್‌ಬಾಗಿನ ಅಜ್ಮಲ್ ಖಾನ್ ರಸ್ತೆಯಲ್ಲಿ 2019ರಲ್ಲಿ ವಾಹನಗಳನ್ನು ತಡೆದು ನಡೆಯುವವರಿಗೆ ಅವಕಾಶ ಮಾಡಲಾಯಿತು. ಕೆಂಪುಕೋಟೆಯ ಎದುರಿನಿಂದ ಫತೇಪುರಿ ಮಸೀದಿಯವರೆಗಿನ ಚಾಂದನಿ ಚೌಕವನ್ನು ಪುನರ್ನಿರ್ಮಿಸಿ 2021ರ ಸೆಪ್ಟೆಂಬರಿನಲ್ಲಿ ತೆರೆದಾಗ ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ವಾಹನಗಳಿಗೆ ಪ್ರವೇಶ ನಿಷೇಧಿಸಲಾಯಿತು. ಕಾವಲು ಸಡಿಲಿದಾಗಲೆಲ್ಲ ಸ್ಕೂಟರುಗಳು ನುಸುಳುವುದುಂಟು. ಆದರೂ ದಶಕಗಳಿಂದ ಅತ್ತ ಹೋಗದಿದ್ದ ಮುದುಕರು ಅಲ್ಲಿನ ಕಲ್ಲಿನ ಆಸನಗಳ ಮೇಲೆ ಕೂತು ಜಿಲೇಬಿ ತಿನ್ನುವಂತಾಯಿತು. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಕೆಲಸ 2018ರಲ್ಲಿ ಮುಗಿಯಿತು. ಗಮನಿಸಬೇಕಾದ ಅಂಶವೆಂದರೆ ಇವೆಲ್ಲ ಪೇಟೆಯ ಬೀದಿಗಳು, ಜನ ನೋಡಲು ಹೋಗುವ ಬೀದಿಗಳು. ಪಟಪರ್‌ಗಂಜಿನ ಗೃಹಸಂಕೀರ್ಣದ ಗೇಟಿನಿಂದ ಹಾಲಿನ ಬೂತಿನವರೆಗಿನ ಇನ್ನೂರು ಗಜಗಳಿಗೆ ಉದ್ಘಾಟನೆಯೂ ಇಲ್ಲ, ಪತ್ರಿಕೆಯಲ್ಲಿ ಚಿತ್ರವೂ ಇಲ್ಲ. ವೃದ್ಧರು ನಿತ್ಯ ನಡೆಯುವುದು ಆ ಇನ್ನೂರು ಗಜಗಳನ್ನೇ.

ವಯಸ್ಸಾದವರಿಗೆ ಬೀದಿಯಲ್ಲಿ ಕೆಲಸವೇನು, ರಾಮಾ ಕೃಷ್ಣಾ ಎಂದು ಮನೆಯಲ್ಲಿರಬಾರದೇ, ಬೇಕಾದುದನ್ನೆಲ್ಲ ಈಗ ಫೋನಿನಲ್ಲೇ ತರಿಸಬಹುದಲ್ಲ ಎಂಬ ಮಾತು ಮಕ್ಕಳ ಬಾಯಿಂದಲೇ, ಅದೂ ಪ್ರೀತಿಯಿಂದಲೇ, ಬರುತ್ತದೆ. ಮುಪ್ಪನ್ನು ಕುರಿತು ಕನ್ನಡದಲ್ಲಿ ಹಳೆಯ ನುಡಿಯೊಂದಿದೆ: ಊರು ಹೋಗು ಎನ್ನುತ್ತದೆ, ಕಾಡು ಬಾ ಎನ್ನುತ್ತದೆ. ಎತ್ತರದ ಅಂಚುಗಲ್ಲನ್ನೂ ಹತ್ತು ಕ್ಷಣದ ಹಸಿರು ದೀಪವನ್ನೂ ಇಟ್ಟ ಊರು ಆ ಮಾತನ್ನು ಕಲ್ಲಿನಲ್ಲಿಯೂ ದೀಪದಲ್ಲಿಯೂ ಬರೆದಿಟ್ಟಂತಾಗಿದೆ. ಮನೆಬಾಗಿಲಿಗೆ ಬರುವ ಪೊಟ್ಟಣದೊಳಗೆ ಔಷಧಿ ಬರಬಹುದು; ನೆರೆಯವರ ಕುಶಲ ಪ್ರಶ್ನೆ, ಎಳೆಬಿಸಿಲು, ಕಾಲಿನ ಕಸುವು ಬರುವುದಿಲ್ಲ. ನಿವೃತ್ತ ನೌಕರನು ತಾನು ಬದುಕಿರುವುದಕ್ಕೆ ಪ್ರತಿ ನವೆಂಬರಿನಲ್ಲಿ ಪ್ರಮಾಣಪತ್ರ ಒಪ್ಪಿಸಬೇಕು. 2014ರಿಂದ ಅದನ್ನು ಬೆರಳಚ್ಚಿನ ಯಂತ್ರದ ಮೂಲಕ ಸಲ್ಲಿಸುವ ಏರ್ಪಾಡಿದೆ. ಆದರೂ ಬ್ಯಾಂಕಿಗೆ ಖುದ್ದಾಗಿ ಹೋಗುವವರೇ ಅನೇಕರು. ಜೀವಂತವಾಗಿರುವುದನ್ನು ಸಾಬೀತುಪಡಿಸಲು ಜೀವವನ್ನೇ ಪಣವಿಟ್ಟು ರಸ್ತೆ ದಾಟುವ ಈ ಹಿರಿಯರು ಹಠಮಾರಿಗಳಲ್ಲ. ಅಲ್ಲಿ ಹಳೆಯ ಸಹೋದ್ಯೋಗಿಗಳು ಸಿಗುತ್ತಾರೆ.

ಸರ್ವೋಚ್ಚ ನ್ಯಾಯಾಲಯವು 2025ರ ಮೇ 14ರಂದು, ಕಾಲುದಾರಿಯನ್ನು ಬಳಸುವ ಹಕ್ಕು ಸಂವಿಧಾನದ 21ನೆಯ ವಿಧಿಯು ನೀಡಿರುವ ಜೀವಿಸುವ ಹಕ್ಕಿನ ಅಂಗವೇ ಆಗಿದೆಯೆಂದು ಘೋಷಿಸಿ, ಅಂಗವಿಕಲರೂ ಬಳಸಬಹುದಾದ ಕಾಲುದಾರಿಗಳನ್ನು ಒದಗಿಸುವಂತೆ ರಾಜ್ಯಗಳಿಗೆ ಆದೇಶಿಸಿತು. ಈ ಆದೇಶವನ್ನು ಹಿಡಿದು ಕೇಳುವವರು ಬೇಕು. ಕನ್ನಡ ಸಂಘಗಳು ಇದುವರೆಗೆ ರಕ್ತದೊತ್ತಡ, ಸಕ್ಕರೆ, ಕಣ್ಣುಗಳ ತಪಾಸಣಾ ಶಿಬಿರಗಳನ್ನು ಶ್ಲಾಘನೀಯವಾಗಿ ನಡೆಸುತ್ತ ಬಂದಿವೆ. ಅಂಥದೇ ಒಂದು ಭಾನುವಾರ ಬೀದಿಯ ತಪಾಸಣೆಗೂ ಮೀಸಲಾಗಲಿ. ರಾಮಕೃಷ್ಣಪುರದ ಮೆಟ್ರೋ ನಿಲ್ದಾಣದಿಂದ ಸಂಘದ ಭವನದವರೆಗೆ ಎಪ್ಪತ್ತು ದಾಟಿದ ಐದಾರು ಸದಸ್ಯರು ತಮ್ಮ ಸಹಜ ವೇಗದಲ್ಲಿ ನಡೆದುಬರಬೇಕು. ಜೊತೆಗೆ ಯುವಕರು ಅಳತೆಪಟ್ಟಿಯನ್ನೂ ಗಡಿಯಾರವನ್ನೂ ಹಿಡಿದಿರಬೇಕು. ಅಂಚುಗಲ್ಲಿನ ಎತ್ತರ ಎಷ್ಟು, ಹಸಿರು ದೀಪ ಎಷ್ಟು ಕ್ಷಣ, ಮೊದಲ ಆಸನ ಎಷ್ಟು ದೂರ, ಶೌಚಾಲಯದ ಬೀಗದ ಕೈ ಯಾರ ಬಳಿ, ಎಲ್ಲವನ್ನೂ ಬರೆದು ಲೋಕೋಪಯೋಗಿ ಇಲಾಖೆಗೆ ಒಂದು ಪ್ರತಿ, ನಗರಪಾಲಿಕೆಗೆ ಒಂದು ಪ್ರತಿ, ಸಂಚಾರ ಪೋಲೀಸರಿಗೆ ಒಂದು ಪ್ರತಿ ಸಲ್ಲಿಸಬೇಕು. ಹೊಗೆಮಂಜು ಕವಿಯುವ ನವೆಂಬರಿಗೆ ಮೊದಲು, ಅಕ್ಟೋಬರಿನಲ್ಲಿಯೇ ಇದು ನಡೆದರೆ ಒಳ್ಳೆಯದು. ಮುಂದಿನ ವರ್ಷ ಅದೇ ತಿಂಗಳು, ಅದೇ ದಾರಿಯಲ್ಲಿ, ಅದೇ ಅಳತೆಪಟ್ಟಿಯೊಡನೆ ಮತ್ತೊಮ್ಮೆ ನಡೆಯಬೇಕಾಗುತ್ತದೆ.